ಮುಂದಿನ ಔಷಧಿಗೆ ಮೈ ಉಳಿಸಿಕೊಳ್ಳುವುದು: ಮೀಸೋಥೆಲಿಯೋಮಾ ಜೊತೆಗಿನ ನನ್ನ ದಿನಗಳು

ಮೊದಲು ಬಂದದ್ದು ದಮ್ಮು. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಳ್ಳಬೇಕಿತ್ತು. ಮನೆಯವರೆಲ್ಲ ವಯಸ್ಸಿನ ಮೇಲೆ ಹಾಕಿದರು. ಆಮೇಲೆ ಒಣ ಕೆಮ್ಮು ಹಿಡಿಯಿತು. ಬಲ ಮಗ್ಗುಲಿಗೆ ಮಲಗಿದರೆ ಒಳಗಿನಿಂದ ಏನೋ ಒತ್ತಿದ ಹಾಗಾಗುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಬಲಗಡೆ ಎದೆಯ ಅರ್ಧ ಭಾಗ ಬರೀ ಬಿಳಿ. ನೀರು ತುಂಬಿದೆ ಅಂದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ ತೆಗೆದರು. ಅವತ್ತು ರಾತ್ರಿ ಹಾಯಾಗಿ ನಿದ್ದೆ ಬಂತು. ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಂಡಿತು.

ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ. ನಮಗೆಲ್ಲ ಖುಷಿ. ಡಾಕ್ಟರ್ ಮುಖದಲ್ಲಿ ಮಾತ್ರ ಖುಷಿ ಕಾಣಲಿಲ್ಲ.

"ನೀರಲ್ಲಿ ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ. ನೀವು ಏನು ಕೆಲಸ ಮಾಡ್ತಿದ್ರಿ?"

ಸ್ಟೋರ್ಸ್‌ನಲ್ಲಿ ಲೆಕ್ಕ ಬರೀತಿದ್ದೆ ಅಂದೆ.

"ಅದಕ್ಕೂ ಮುಂಚೆ?"

ಅದಕ್ಕೂ ಮುಂಚೆ, ಇಪ್ಪತ್ತರ ವಯಸ್ಸಿನಲ್ಲಿ, ಬಾಯ್ಲರ್ ಹೌಸಿನಲ್ಲಿ ಹೆಲ್ಪರ್ ಆಗಿದ್ದೆ. ಹಬೆ ಪೈಪುಗಳಿಗೆ ಲ್ಯಾಗಿಂಗ್, ಅಂದರೆ ಬಿಸಿ ಹೊರಗೆ ಹೋಗದ ಹಾಗೆ ಹೊದಿಕೆ ಹಾಕುವ ಕೆಲಸ. ಹಳೆಯದನ್ನು ಕಿತ್ತು ಹಾಕಿ, ಆಸ್ಬೆಸ್ಟಾಸ್ ಹಗ್ಗ ಸುತ್ತಿ, ಮೇಲೆ ಪುಡಿ ಕಲಸಿ ಮೆತ್ತುವುದು. ಒಣಗಿದ ಲ್ಯಾಗಿಂಗನ್ನು ಗರಗಸದಲ್ಲಿ ಕೊಯ್ಯುವಾಗ ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಬಿಳಿ ಧೂಳು ತೇಲುತ್ತಿತ್ತು. ಹುಬ್ಬು, ತೋಳಿನ ಕೂದಲು ಎಲ್ಲ ಬೆಳ್ಳಗೆ. ಊಟಕ್ಕೆ ಕೂರುವ ಮುಂಚೆ ಅಂಗಿ ಕೊಡವಿಕೊಳ್ಳುತ್ತಿದ್ದೆವು, ಅಷ್ಟೇ. ಮಾಸ್ಕ್ ಅಂತ ಒಂದು ಇರುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಅಂದರೆ ನಮಗೆ ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ವ್ಯಾಗ್ನರ್ ಅನ್ನುವ ವೈದ್ಯರು ಮತ್ತು ಅವರ ಸಂಗಡಿಗರು 1960ರಲ್ಲೇ ಮೀಸೋಥೆಲಿಯೋಮಾ ಅನ್ನುವ ಈ ಕ್ಯಾನ್ಸರಿನ 33 ಜನರ ವಿವರ ಬರೆದು, ಅವರಲ್ಲಿ ಬಹುಪಾಲು ಜನರಿಗೆ ನೀಲಿ ಕಲ್ನಾರಿನ, ಅಂದರೆ ಒಂದು ಬಗೆಯ ಆಸ್ಬೆಸ್ಟಾಸಿನ, ಗಣಿ ಪ್ರದೇಶದ ನಂಟಿತ್ತು ಅಂತ ತೋರಿಸಿದ್ದರು. ನಾನು ಗರಗಸ ಹಿಡಿಯುವ ಹೊತ್ತಿಗೆ ಅದು ಹಳೆಯ ಸುದ್ದಿ. ಇದನ್ನು ಓದಿದ ದಿನ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಧೂಳು ಒಳಗೆ ಹೋಗಿ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದಂತೆ. ಡಾಕ್ಟರ್ ಇದನ್ನು ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು, "ಆ ಅಂಗಿ ಕೊಡವಿ ಒಗೀತಿದ್ದವಳು ನಾನಲ್ವಾ, ಡಾಕ್ಟ್ರೇ?" ಡಾಕ್ಟರ್ ಮುಚ್ಚಿಡಲಿಲ್ಲ. ಮನೆಯಲ್ಲಿ ಬಟ್ಟೆ ಒಗೆದವರಿಗೂ ಬಂದದ್ದುಂಟು, ಆದರೆ ಅದು ಕಡಿಮೆ ಅಂದರು. ಅವಳಿಗೂ ಒಂದು ಎಕ್ಸ್‌ರೇ ಆಯಿತು. ಏನೂ ಇರಲಿಲ್ಲ. ಮುಂದೆ ಯಾವಾಗಲಾದರೂ ದಮ್ಮು ಬಂದರೆ ಈ ವಿಷಯವನ್ನು ಮೊದಲೇ ಹೇಳಬೇಕು ಅಂತ ಅವಳ ಫೈಲಿನಲ್ಲೂ ಬರೆದುಕೊಟ್ಟರು.

ಆಮೇಲೆ ಬಯಾಪ್ಸಿ. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಒಳಗಿನ ಹೊದಿಕೆಯ ತುಣುಕು ತೆಗೆಯುತ್ತಾರೆ. ಶ್ವಾಸಕೋಶಕ್ಕೆ ಒಂದು ತೆಳು ಹೊದಿಕೆ, ಎದೆಗೂಡಿನ ಒಳಮೈಗೆ ಇನ್ನೊಂದು. ನಡುವೆ ತೆಳುವಾದ ನೀರಿನ ಪಸೆ. ಒದ್ದೆಯಾದ ಎರಡು ಗಾಜು ಒಂದರ ಮೇಲೊಂದು ಜಾರುವ ಹಾಗೆ ಇವು ಉಸಿರಿಗೆ ತಕ್ಕಂತೆ ಜಾರುತ್ತಿರುತ್ತವೆ. ನನ್ನ ಕಾಯಿಲೆ ಅಲ್ಲಿಯದು. ಗೆಡ್ಡೆಯಾಗಿ ಒಂದು ಕಡೆ ಕೂರುವುದಿಲ್ಲ, ಹೊದಿಕೆಯ ಉದ್ದಕ್ಕೂ ಹರಡಿ ದಪ್ಪವಾಗುತ್ತಾ ಹೋಗುತ್ತದೆ. ಹಾಗಾಗಿಯೇ ಕತ್ತರಿಸಿ ತೆಗೆದುಬಿಡಿ ಅನ್ನುವಷ್ಟು ಸುಲಭ ಅಲ್ಲ.

ಬಯಾಪ್ಸಿ ಸ್ಲೈಡುಗಳನ್ನು ಇನ್ನೊಂದು ಕಡೆಯೂ ತೋರಿಸಿ ಅಂತ ಡಾಕ್ಟರೇ ಹೇಳಿದರು. ಇದು ಶ್ವಾಸಕೋಶದ ಬೇರೆ ಕ್ಯಾನ್ಸರ್ ಥರ ಕಾಣಬಹುದು. ಬೇರೆ ಬೇರೆ ಬಣ್ಣದ ಪರೀಕ್ಷೆ ಮಾಡಿ, ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಅನ್ನುವ ಗುರುತಿನ ಪ್ರೋಟೀನ್‌ಗಳನ್ನೆಲ್ಲ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಆ ರಿಪೋರ್ಟ್ ಬರುವವರೆಗೂ ಕಾದೆವು. ಈ ಕಾಯಿಲೆಯಲ್ಲಿ ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡೂ ಸೇರಿದ ಬೈಫೇಸಿಕ್ ಅಂತ ಮೂರು ಬಗೆ. ಮೊದಲನೆಯದು ನಿಧಾನ, ಎರಡನೆಯದು ಜೋರು. ನನ್ನದು ಮೊದಲನೆಯದು. "ಒಳ್ಳೇ ಸುದ್ದಿ" ಅಂದರು ಡಾಕ್ಟರ್. ಕ್ಯಾನ್ಸರ್ ಇದೆ ಅಂತ ಹೇಳಿದ ಬಾಯಲ್ಲೇ ಒಳ್ಳೇ ಸುದ್ದಿ ಅಂತ ಕೇಳಿ ನನಗೆ ನಗು ಬಂತು. ಅವರೂ ನಕ್ಕರು.

ಮಗ ಅಷ್ಟೊತ್ತಿಗೆ ಫೋನಿನಲ್ಲಿ ಎಲ್ಲ ನೋಡಿಬಿಟ್ಟಿದ್ದ. ಏನು ಓದಿದ ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹನ್ನೆರಡು ತಿಂಗಳು, ಹದಿನೆಂಟು ತಿಂಗಳು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆ ಲೆಕ್ಕ ಏನು ಅಂತ ನಾನು ಡಾಕ್ಟರನ್ನೇ ಕೇಳಿದೆ. ರೋಗಿಗಳನ್ನು ಬದುಕಿದ ದಿನದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಲೆಕ್ಕ ಅದು. ಅವನಿಗಿಂತ ಹೆಚ್ಚು ಬದುಕಿದವರು ಅರ್ಧ ಜನ. ಅವರಲ್ಲಿ ಕೆಲವರು ಬಹಳ ದೂರ ಹೋಗಿರುತ್ತಾರೆ. ಸ್ಟೀಫನ್ ಜೇ ಗೌಲ್ಡ್ ಅನ್ನುವ ಅಮೆರಿಕದ ವಿಜ್ಞಾನಿಗೆ 1982ರಲ್ಲಿ ಹೊಟ್ಟೆಯ ಹೊದಿಕೆಯಲ್ಲಿ ಇದೇ ಕಾಯಿಲೆ ಬಂದಿತ್ತು. ಆಗ ಪುಸ್ತಕಗಳಲ್ಲಿದ್ದ ನಡುವಿನ ಲೆಕ್ಕ 8 ತಿಂಗಳು. ಅವರು 20 ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡದ್ದು ಬೇರೆ ಕ್ಯಾನ್ಸರಿನಿಂದ.

ಮಗ ಈ ಕಥೆಯನ್ನು ಬಹಳ ಹಚ್ಚಿಕೊಂಡ. ನಾನು ಅಷ್ಟು ಹಚ್ಚಿಕೊಳ್ಳಲಿಲ್ಲ. ಅವರಿಗೆ ಆಗ ನಲವತ್ತು ವಯಸ್ಸು. ಜಾಗವೂ ಬೇರೆ. ಒಬ್ಬರು 20 ವರ್ಷ ಬದುಕಿದರು ಅಂತ ನಾನೂ ಬದುಕುತ್ತೇನೆ ಅನ್ನೋಕೆ ಆಗಲ್ಲ. ಆದರೆ ಸಾಲು ಉದ್ದ ಇದೆ ಅನ್ನುವುದು ನಿಜ ಅಲ್ವಾ? ಹಾಗಾದರೆ ಸಾಲಿನ ಆ ಕಡೆ ಹೋಗಲು ನನ್ನ ಕೈಯಲ್ಲಿ ಏನಿದೆ? ಕಾಯಿಲೆಯ ಬಗೆ ನನ್ನ ಕೈಯಲ್ಲಿಲ್ಲ. ವಯಸ್ಸು ಇಲ್ಲ. ಹೆಂಗಸರು ಸ್ವಲ್ಪ ಜಾಸ್ತಿ ದಿನ ಬದುಕುತ್ತಾರಂತೆ, ಅದೂ ನನ್ನ ಕೈಯಲ್ಲಿಲ್ಲ.

ಉತ್ತರ ಸಿಕ್ಕಿದ್ದು ಡಾಕ್ಟರ್ ಪ್ರತಿ ಸಲ ಕೇಳುತ್ತಿದ್ದ ಒಂದು ಪ್ರಶ್ನೆಯಲ್ಲಿ. "ಹಗಲಲ್ಲಿ ಎಷ್ಟು ಹೊತ್ತು ಹಾಸಿಗೆ ಮೇಲೆ ಇರ್ತೀರಿ?" ಸುಮ್ನೆ ಉಪಚಾರಕ್ಕೆ ಕೇಳುತ್ತಾರೆ ಅಂತ ಅನಿಸುತ್ತದೆ. ಹಾಗಲ್ಲ. ಅದಕ್ಕೆ ಅಂಕಿ ಇದೆ. ಮೊದಲಿನ ಹಾಗೇ ಓಡಾಡಿಕೊಂಡಿದ್ದರೆ 0. ಭಾರದ ಕೆಲಸ ಬಿಟ್ಟು ಉಳಿದದ್ದು ಮಾಡಿಕೊಂಡರೆ 1. ದುಡಿಯಲು ಆಗದಿದ್ದರೂ ತನ್ನ ಕೆಲಸ ತಾನು ಮಾಡಿಕೊಂಡು, ಎಚ್ಚರ ಇರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದು ಓಡಾಡಿದರೆ 2. ಅರ್ಧಕ್ಕಿಂತ ಹೆಚ್ಚು ಮಲಗಿಯೋ ಕೂತೋ ಇದ್ದರೆ 3. ಪೂರ್ತಿ ಹಾಸಿಗೆ ಹಿಡಿದರೆ 4. ಕೀಮೋ ಕೊಡಬೇಕಾ, ಎರಡನೇ ಔಷಧಿ ಕೊಡಬೇಕಾ, ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಿಕೊಳ್ಳಬೇಕಾ, ಇದೆಲ್ಲ ನಿರ್ಧಾರ ಮಾಡುವಾಗ ಈ ಅಂಕಿ ನೋಡುತ್ತಾರೆ. 0, 1 ಇದ್ದರೆ ಮಾತು ಮುಂದುವರಿಯುತ್ತದೆ. 3 ಬಂದರೆ ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ.

ಇದು ತಿಳಿದ ಮೇಲೆ ನನ್ನ ಯೋಚನೆಯೇ ಬದಲಾಯಿತು. ಮೊದಲು ಆಯಸ್ಸಿಗೆ ಚಿಕಿತ್ಸೆ ಒಂದು ಕಡೆ, ಆರಾಮಕ್ಕೆ ಉಪಚಾರ ಇನ್ನೊಂದು ಕಡೆ ಅಂತ ಅನಿಸುತ್ತಿತ್ತು. ಎರಡೂ ಒಂದೇ. ನೀರು ತೆಗೆಸಿಕೊಂಡರೆ ನಡೆಯಬಹುದು. ನೋವು ತಡೆದರೆ ನಿದ್ದೆ ಬರುತ್ತದೆ. ನಿದ್ದೆ ಮಾಡಿದವನು ಊಟ ಮಾಡುತ್ತಾನೆ, ಊಟ ಮಾಡಿದವನು ಎದ್ದು ಓಡಾಡುತ್ತಾನೆ. ಓಡಾಡುವವನಿಗೆ ಮುಂದಿನ ಔಷಧಿ ಕೊಡುತ್ತಾರೆ.

ಮೊದಲು ನೀರಿನ ವಿಷಯ. ಎರಡು ಹೊದಿಕೆಗಳ ನಡುವೆ ಟಾಲ್ಕ್ ಪುಡಿ ಹಾಕಿ, ಅವೆರಡನ್ನೂ ಅಂಟಿಸಿಬಿಟ್ಟರೆ ನೀರು ತುಂಬಲು ಜಾಗವೇ ಇರುವುದಿಲ್ಲ. ನನಗೂ ಮಾಡಿದರು. ಜ್ವರ, ನೋವು ಬಂತು, ಹೋಯಿತು. ಆದರೆ ಅಂಟಲಿಲ್ಲ. ಹೊದಿಕೆ ದಪ್ಪವಾಗಿ ಶ್ವಾಸಕೋಶವನ್ನು ಹಿಡಿದಿಟ್ಟುಕೊಂಡರೆ ಅದು ಪೂರ್ತಿ ಹಿಗ್ಗಲ್ಲ, ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. ಆಗ ಉಳಿಯುವುದು ಟ್ಯೂಬು. ಪಕ್ಕೆಯ ಚರ್ಮದ ಕೆಳಗೆ ಸ್ವಲ್ಪ ದೂರ ಹರಿಸಿ ಎದೆಯೊಳಗೆ ಬಿಟ್ಟ ಮೆತ್ತನೆಯ ಕೊಳವೆ. ಹೊರಗೆ ಗೇಣುದ್ದದಷ್ಟು ತುದಿ, ಅದಕ್ಕೊಂದು ವಾಲ್ವ್, ಮುಚ್ಚಳ.

ಟ್ಯೂಬ್ ಬೇಡ ಅಂತ ಹೇಳುವವರು ಜಾಸ್ತಿ. ಮೈಮೇಲೆ ಸದಾ ಕಾಯಿಲೆ ನೇತಾಡುತ್ತಿರುತ್ತದೆ ಅನ್ನುತ್ತಾರೆ. ನನ್ನ ಅನುಭವ ಪೂರ್ತಿ ಉಲ್ಟಾ. ಟ್ಯೂಬ್ ಬರುವ ಮುಂಚೆ ದಮ್ಮು ಹೆಚ್ಚಾಗುವವರೆಗೆ ಕಾದು, ಅಪಾಯಿಂಟ್‌ಮೆಂಟ್ ಹಿಡಿದು, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬರಬೇಕಿತ್ತು. ಟ್ಯೂಬ್ ಬಂದ ಮೇಲೆ ದಮ್ಮು ಶುರುವಾಗುವ ಮುಂಚೆಯೇ ಮನೆಯಲ್ಲಿ ನೀರು ತೆಗೆದುಬಿಡುತ್ತೇವೆ.

ಹೆಂಡತಿ ಇದರಲ್ಲಿ ನರ್ಸಿಗಿಂತ ಶಿಸ್ತು. ಮೇಜು ಒರೆಸಿ, ಕೈ ತೊಳೆದು, ಗ್ಲೌಸ್ ಹಾಕಿಕೊಳ್ಳುತ್ತಾಳೆ. ಬ್ಯಾಂಡೇಜ್ ಬಿಚ್ಚಿ ಮೊದಲು ಟ್ಯೂಬಿನ ಬುಡ ನೋಡುತ್ತಾಳೆ, ಕೆಂಪಾಗಿದೆಯಾ, ಊದಿದೆಯಾ ಅಂತ. ವಾಲ್ವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಬಾಟಲಿಯ ಪೈಪು ಸೇರಿಸುತ್ತಾಳೆ. ಬಾಟಲಿಯೊಳಗೆ ಗಾಳಿ ತೆಗೆದಿರುತ್ತಾರೆ, ಕ್ಲಿಪ್ ಬಿಚ್ಚಿದ ಕೂಡಲೇ ಸುಯ್ಯನೆ ಎಳೆಯುತ್ತದೆ. ಮೊದಲು ಹಳದಿ ನೀರು ಸರಾಗವಾಗಿ ಬರುತ್ತದೆ. ಆಮೇಲೆ ನಿಧಾನ. ಕೊನೆಗೆ ಕೆಮ್ಮು ಬರುತ್ತದೆ, ಭುಜದ ತುದಿಯಲ್ಲಿ ಎಳೆದ ಹಾಗೆ ನೋವು. "ಸಾಕು ಕಣೇ" ಅಂದರೆ ಕ್ಲಿಪ್ ಹಾಕುತ್ತಾಳೆ. ನೋವು ಬಂದ ಮೇಲೂ ಎಳೆಯುತ್ತಾ ಹೋಗಬಾರದು, ಒಂದೇ ಸಲಕ್ಕೆ ತೀರಾ ಜಾಸ್ತಿ ತೆಗೆದರೆ ಶ್ವಾಸಕೋಶಕ್ಕೇ ತೊಂದರೆ. ತಾರೀಕು, ಎಷ್ಟು ಎಂಎಲ್, ಯಾವ ಬಣ್ಣ, ಮೂರನ್ನೂ ಪುಸ್ತಕದಲ್ಲಿ ಬರೆಯುತ್ತಾಳೆ. ಒಂದು ಸಲ ನೀರು ಮೋಡದ ಬಣ್ಣಕ್ಕೆ ತಿರುಗಿತ್ತು, ಸಂಜೆಗೆ ಚಳಿ ಜ್ವರ. ಆ ಪುಸ್ತಕ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆವು. ಸೋಂಕು ಬೇಗ ಸಿಕ್ಕಿತು, ಆಂಟಿಬಯಾಟಿಕ್‌ನಲ್ಲೇ ಮುಗಿಯಿತು.

ಆಪರೇಷನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಹೊದಿಕೆಯನ್ನು ಸುಲಿದು ತೆಗೆಯುವ ದೊಡ್ಡ ಆಪರೇಷನ್ ಇದೆ. ಬ್ರಿಟನ್ನಿನಲ್ಲಿ ಮಾರ್ಸ್ 2 ಅಂತ ಒಂದು ಟ್ರಯಲ್ ಮಾಡಿದರು. 335 ಜನ. ಅರ್ಧದಷ್ಟು ಜನರಿಗೆ ಕೀಮೋ ಮಾತ್ರ, ಉಳಿದವರಿಗೆ ಕೀಮೋ ಜೊತೆ ಆಪರೇಷನ್. 2024ರಲ್ಲಿ ಅಚ್ಚಾದ ವರದಿ ಪ್ರಕಾರ ಆಪರೇಷನ್ ಆದವರ ನಡುವಿನ ಲೆಕ್ಕ 19.3 ತಿಂಗಳು, ಬರೀ ಕೀಮೋದವರದ್ದು 24.8 ತಿಂಗಳು. ತೊಡಕುಗಳೂ ಆಪರೇಷನ್ ಆದವರಿಗೇ ಜಾಸ್ತಿ. ಇದಾದ ಮೇಲೂ ಆಯ್ದ ಕೆಲವರಿಗೆ ಮಾಡುವ ಸರ್ಜನ್‌ಗಳಿದ್ದಾರೆ, ಅವರ ವಾದವೂ ಇದೆ. ನಾನು ಬೇಡ ಅಂದೆ. ಆದರೆ ಹೊಟ್ಟೆಯ ಮೀಸೋಥೆಲಿಯೋಮಾ ಇರುವವರು ಈ ಲೆಕ್ಕ ನೋಡಿ ಹೆದರಬಾರದು. ಅಲ್ಲಿ ಗಡ್ಡೆಗಳನ್ನೆಲ್ಲ ತೆಗೆದು, ಬಿಸಿ ಮಾಡಿದ ಕೀಮೋ ಔಷಧಿಯನ್ನು ಹೊಟ್ಟೆಯೊಳಗೇ ಹರಿಸುವ ಆಪರೇಷನ್ನಿಂದ ವರ್ಷಗಟ್ಟಲೆ ಬದುಕಿದವರು ಎಷ್ಟೋ ಜನ. ಅದು ಬೇರೆಯದೇ ದಾರಿ. ಅದರಲ್ಲಿ ಕೈ ಪಳಗಿದ ಕಡೆ ಹೋಗಬೇಕು, ಅಷ್ಟೇ.

ಕೀಮೋ ಅಂದರೆ ನನಗೆ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್, ಮೂರು ವಾರಕ್ಕೊಮ್ಮೆ. ತಕ್ಷಣ ಶುರು ಮಾಡಲಿಲ್ಲ. ಮೊದಲು ಒಂದು ವಾರ ಫೋಲಿಕ್ ಆ್ಯಸಿಡ್ ಮಾತ್ರೆ, ಒಂದು ಬಿ12 ಇಂಜೆಕ್ಷನ್. ಮಗನಿಗೆ ತಡೆಯಲಾಗಲಿಲ್ಲ.

"ಕ್ಯಾನ್ಸರಿಗೆ ವಿಟಮಿನ್ ಕೊಟ್ಕೊಂಡು ಕೂತಿದ್ದಾರಲ್ಲಪ್ಪ!"

ಕಾರಣ ಇದೆ. ಪೆಮೆಟ್ರೆಕ್ಸೆಡನ್ನು ಒರೆಗೆ ಹಚ್ಚಿದ ದೊಡ್ಡ ಟ್ರಯಲ್ ವರದಿ ಬಂದದ್ದು 2003ರಲ್ಲಿ. ಸಿಸ್‌ಪ್ಲಾಟಿನ್ ಒಂದನ್ನೇ ತೆಗೆದುಕೊಂಡವರ ನಡುವಿನ ಲೆಕ್ಕ 9.3 ತಿಂಗಳು, ಎರಡೂ ಸೇರಿಸಿ ತೆಗೆದುಕೊಂಡವರದ್ದು 12.1. ಆ ಟ್ರಯಲ್ ನಡೆಯುತ್ತಿರುವಾಗಲೇ ಅಡ್ಡಪರಿಣಾಮ ತೀರಾ ಜೋರಾಗಿ, ಎಲ್ಲರಿಗೂ ಈ ವಿಟಮಿನ್‌ಗಳನ್ನು ಸೇರಿಸಿದರು. ತೊಂದರೆ ಕಡಿಮೆಯಾಯಿತು. ಹಾಗಾಗಿ ಆ ಸಣ್ಣ ಮಾತ್ರೆಯನ್ನು ನಾನು ಒಂದು ದಿನವೂ ಬಿಡಲಿಲ್ಲ. ಇನ್ನೊಂದು ಮಾತು. ಮನೆಯಲ್ಲಿರುವ ಐಬುಪ್ರೊಫೆನ್ ಥರದ ನೋವಿನ ಮಾತ್ರೆಯನ್ನು ಪೆಮೆಟ್ರೆಕ್ಸೆಡ್ ಆಸುಪಾಸಿನ ದಿನಗಳಲ್ಲಿ ಕೇಳದೆ ನುಂಗಬಾರದು. ಕಿಡ್ನಿ ಸ್ವಲ್ಪ ದುರ್ಬಲ ಇದ್ದರೆ ಔಷಧಿ ಮೈಯಲ್ಲೇ ಉಳಿದುಬಿಡುತ್ತದೆ. ನೆಂಟರು ಪ್ರೀತಿಯಿಂದ ತಂದುಕೊಡುವ ಪುಡಿ, ಕಷಾಯಗಳನ್ನೂ ನಾನು ಡಾಕ್ಟರಿಗೆ ತೋರಿಸುತ್ತಿದ್ದೆ. ಹೆಚ್ಚಿನವು ಮನೆಗೆ ವಾಪಸ್ ಬಂದು ಕಪಾಟಿನಲ್ಲೇ ಕೂತವು.

ಕೀಮೋ ದಿನಗಳು ಎಲ್ಲರ ಹಾಗೇ. ಸ್ಟೆರಾಯ್ಡ್ ತೆಗೆದುಕೊಂಡ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಮೂರನೇ ದಿನದಿಂದ ಮೈ ಬಿದ್ದುಹೋಗುತ್ತದೆ. ಬಾಯಲ್ಲಿ ತಗಡು ಕಚ್ಚಿದ ರುಚಿ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ, ವಾಂತಿ ಬಂದ ಮೇಲೆ ನುಂಗುವುದಲ್ಲ, ಬರುವ ಮುಂಚೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ ಮಧ್ಯರಾತ್ರಿಯಾದರೂ ಫೋನ್ ಮಾಡಬೇಕು. ಕೆಲವು ಸುತ್ತು ಆದ ಮೇಲೆ ನನ್ನ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಎಲ್ಲರಿಗೂ ಆಗುತ್ತೆ ಬಿಡು ಅಂತ ವಾರ್ಡಿನಲ್ಲಿದ್ದವರೊಬ್ಬರು ಹೇಳಿದರು. ನಾನು ಡಾಕ್ಟರಿಗೆ ಹೇಳಿದೆ. ಕಿವಿ ಪರೀಕ್ಷೆ ಮಾಡಿಸಿ ಸಿಸ್‌ಪ್ಲಾಟಿನ್ ಬದಲು ಕಾರ್ಬೋಪ್ಲಾಟಿನ್ ಕೊಟ್ಟರು. ಸದ್ದು ಪೂರ್ತಿ ಹೋಗಿಲ್ಲ, ಆದರೆ ಇನ್ನೂ ಕಿವಿ ಕೇಳಿಸುತ್ತದೆ. ಸಹಿಸಿಕೊಳ್ಳುವುದು ದೊಡ್ಡ ಗುಣ ಅಂತ ನಮಗೆಲ್ಲ ಕಲಿಸಿದ್ದಾರೆ. ಈ ಕಾಯಿಲೆಯಲ್ಲಿ ಆ ಗುಣದಿಂದ ನಷ್ಟವೇ ಹೆಚ್ಚು.

ನೋವಿನ ವಿಷಯದಲ್ಲಿ ಇದು ಇನ್ನೂ ನಿಜ. ಈ ಕಾಯಿಲೆ ಪಕ್ಕೆಲುಬಿನ ನಡುವಿನ ನರಗಳನ್ನು ಹಿಡಿದುಕೊಳ್ಳುತ್ತದೆ. ಉರಿ, ಆಗಾಗ ಕರೆಂಟ್ ಹೊಡೆದ ಹಾಗೆ ಸೆಳೆತ, ಅಂಗಿ ತಾಗಿದರೂ ಕಿರಿಕಿರಿ. ಸಾಮಾನ್ಯ ನೋವಿನ ಮಾತ್ರೆಗೆ ಬಗ್ಗುವುದಿಲ್ಲ. ಡಾಕ್ಟರ್ ನನ್ನನ್ನು ನೋವು, ದಮ್ಮು ಇಳಿಸಿ ಆರಾಮ ಕೊಡುವ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಕಳಿಸುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ಗಲಾಟೆ. ಹೆಂಡತಿ ಅತ್ತುಬಿಟ್ಟಳು. ಅಲ್ಲಿಗೆ ಕಳಿಸುತ್ತಾರೆ ಅಂದರೆ ಕೈ ಬಿಟ್ಟರು ಅಂತಲೇ ಅವಳ ಲೆಕ್ಕ.

ಅಲ್ಲಿನ ಸಿಸ್ಟರ್ ಮಾರ್ಫಿನ್ ಹೆಸರು ಹೇಳಿದ ಕೂಡಲೇ ಅವಳು ಕೇಳಿಯೇಬಿಟ್ಟಳು, "ಅದು ಕೊನೇಲಿ ಕೊಡೋದಲ್ವಾ, ಸಿಸ್ಟರ್?"

"ಕೊನೆಗಲ್ಲಮ್ಮ, ಬೆಳಿಗ್ಗೆಗೆ. ರಾತ್ರಿ ನಿದ್ದೆ ಮಾಡಿದ್ರೆ ತಾನೇ ಬೆಳಿಗ್ಗೆ ಎದ್ದು ನಡೆಯೋದು?"

ತೀರಾ ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದರು. ಜೊತೆಗೆ ನರದ ನೋವಿಗೆ ಗ್ಯಾಬಪೆಂಟಿನ್. ಮಲಬದ್ಧತೆಗೆ ಔಷಧಿಯನ್ನು ಮೊದಲ ದಿನದಿಂದಲೇ ಕೊಟ್ಟರು, ಅದು ಇಲ್ಲದೆ ಮಾರ್ಫಿನ್ ಕೊಟ್ಟರೆ ಎರಡೇ ವಾರದಲ್ಲಿ ರೋಗಿ ಮಾರ್ಫಿನ್ನನ್ನೇ ಬೈಯಲು ಶುರು ಮಾಡುತ್ತಾನೆ. ಮೊದಲ ಕೆಲವು ದಿನ ಮಂಪರು ಇತ್ತು. ಆಮೇಲೆ ಇಲ್ಲ. ಹಳೆಯ ಬಯಾಪ್ಸಿ ಗಾಯದ ಹತ್ತಿರ ಒಂದು ಗಂಟು ಎದ್ದು ನೋಯುತ್ತಿತ್ತು, ಅದಕ್ಕೆ ಸ್ವಲ್ಪ ರೇಡಿಯೇಷನ್ ಕೊಟ್ಟರು. ಯಾವುದಕ್ಕೂ ಬಗ್ಗದ ಒಂದೇ ಬದಿಯ ನೋವಿಗೆ ಕುತ್ತಿಗೆಯ ಹತ್ತಿರ ನೋವಿನ ದಾರಿಯನ್ನೇ ಸುಟ್ಟು ತುಂಡರಿಸುವ ಕಾರ್ಡಾಟಮಿ ಅನ್ನುವ ವಿಧಾನ ಕೂಡ ಇದೆಯಂತೆ, ಮಾಡುವವರು ಕಡಿಮೆ. ನನಗೆ ಅಲ್ಲಿಯವರೆಗೆ ಬೇಕಾಗಿಲ್ಲ.

ಉಸಿರಿನ ಪಾಠ ಹೇಳಿಕೊಟ್ಟದ್ದೂ ಆ ವಿಭಾಗದವರೇ. ಒಂದು ಸಣ್ಣ ಕೈಫ್ಯಾನ್ ಕೊಟ್ಟರು. ದಮ್ಮು ಬಂದಾಗ ಅದನ್ನು ಮೂಗು, ಮೇಲ್ದುಟಿಯ ಹತ್ತಿರ ಹಿಡಿಯಬೇಕು. ನಾನು ನಂಬಲಿಲ್ಲ, ಮಕ್ಕಳ ಆಟದ ಸಾಮಾನು ಕೊಟ್ಟು ಕಳಿಸಿದರು ಅಂದುಕೊಂಡೆ. ಆದರೆ ಮುಖಕ್ಕೆ ತಣ್ಣಗೆ ಗಾಳಿ ತಾಗಿದರೆ ಏದುಸಿರಿನ ಗಾಬರಿ ನಿಜವಾಗಿಯೂ ಇಳಿಯುತ್ತದೆ. ಇದು ಪರೀಕ್ಷೆ ಮಾಡಿ ನೋಡಿದ ವಿಷಯವೇ. ಕೂತು, ಮೊಣಕೈಗಳನ್ನು ತೊಡೆಯ ಮೇಲೆ ಊರಿ ಸ್ವಲ್ಪ ಮುಂದಕ್ಕೆ ಬಾಗುವುದು. ಮೂಗಿನಲ್ಲಿ ಎಳೆದುಕೊಂಡು ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದು. ಮೆಟ್ಟಿಲಿನಲ್ಲಿ ಹೆಜ್ಜೆ ಎತ್ತುವಾಗ ಉಸಿರು ಬಿಡಬೇಕು, ನಿಂತಾಗ ಎಳೆದುಕೊಳ್ಳಬೇಕು. ನಾವೆಲ್ಲ ಇದರ ಉಲ್ಟಾ ಮಾಡುತ್ತೇವೆ, ಉಸಿರು ಬಿಗಿಹಿಡಿದು ಹತ್ತುತ್ತೇವೆ. ಸ್ನಾನಕ್ಕೆ ಸ್ಟೂಲ್ ಹಾಕಿಕೊಂಡೆ. ನಿಂತು ಸ್ನಾನ ಮಾಡಿ ಖರ್ಚಾಗುತ್ತಿದ್ದ ದಮ್ಮು ಉಳಿದು, ಸಂಜೆ ಅದರಲ್ಲೇ ಒಂದು ಸುತ್ತು ನಡೆಯುತ್ತೇನೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಸಣ್ಣ ಕೆಲಸಕ್ಕೂ ದಮ್ಮು ಜಾಸ್ತಿ ಬೇಕಾಗುತ್ತದೆ. ಅದಕ್ಕೇ ಕೆಟ್ಟ ದಿನಗಳಲ್ಲೂ ಕೋಣೆಯಿಂದ ಕೋಣೆಗಾದರೂ ಓಡಾಡುತ್ತೇನೆ.

ಊಟದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಒಂದೇ ಸಲಕ್ಕೆ ಹೊಟ್ಟೆ ತುಂಬಾ ತಿಂದರೆ ಉಸಿರಿಗೆ ಜಾಗ ಇರುವುದಿಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪ, ಪದೇ ಪದೇ. ಪ್ರೋಟೀನ್ ಕಡೆ ಗಮನ. ವಾರಕ್ಕೊಮ್ಮೆ ತೂಕ. ತೂಕ ಇಳಿಯುತ್ತಿದೆ ಅಂತ ಬೇಗ ತಿಳಿದರೆ ಡಯಟೀಷಿಯನ್ ಏನಾದರೂ ಮಾಡಬಹುದು.

ಕೀಮೋ ಮುಗಿದ ಮೇಲೆ ಕಾಯಿಲೆ ಸಾಕಷ್ಟು ದಿನ ಅಲ್ಲಾಡದೆ ಕೂತಿತ್ತು. ಆಮೇಲೆ ಸ್ಕ್ಯಾನಿನಲ್ಲಿ ಮತ್ತೆ ದಪ್ಪ ಕಾಣಿಸಿತು. ಸ್ಕ್ಯಾನ್ ಆದ ದಿನದಿಂದ ರಿಪೋರ್ಟ್ ಬರುವವರೆಗಿನ ದಿನಗಳಿಗೆ ಯಾವ ಮಾತ್ರೆಯೂ ಇಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಸಣ್ಣ ವಿಷಯಕ್ಕೆ ಜಗಳ ಆಡುತ್ತೇವೆ, ರಿಪೋರ್ಟ್ ಬಂದ ಮೇಲೆ ನಿಲ್ಲಿಸುತ್ತೇವೆ.

ಎರಡನೇ ಸುತ್ತಿಗೆ ನಿವೊಲುಮಾಬ್ ಕೊಟ್ಟರು. ಇಮ್ಯುನೋಥೆರಪಿ. ಇದು ಕ್ಯಾನ್ಸರ್ ಕಣವನ್ನು ನೇರವಾಗಿ ಕೊಲ್ಲುವುದಿಲ್ಲ, ನಮ್ಮದೇ ರಕ್ಷಣಾ ಕಣಗಳಿಗೆ ಹಾಕಿದ್ದ ತಡೆಯನ್ನು ತೆಗೆಯುತ್ತದೆ. ಈಗ ಎಷ್ಟೋ ಜನರಿಗೆ ಇದನ್ನು ಇಪಿಲಿಮುಮಾಬ್ ಅನ್ನುವ ಇದೇ ಥರದ ಇನ್ನೊಂದು ಔಷಧಿಯ ಜೊತೆ ಸೇರಿಸಿ ಮೊದಲ ಚಿಕಿತ್ಸೆಯಾಗಿಯೇ ಕೊಡುತ್ತಾರೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. 605 ಜನರ ಟ್ರಯಲ್‌ನಲ್ಲಿ ನಡುವಿನ ಲೆಕ್ಕ ಕೀಮೋದಲ್ಲಿ 14.1 ತಿಂಗಳು, ಈ ಜೋಡಿಯಲ್ಲಿ 18.1. ಎಪಿಥೀಲಿಯಾಯ್ಡ್ ಅಲ್ಲದ ಜೋರು ಬಗೆಗಳಲ್ಲಂತೂ 8.8 ತಿಂಗಳಿಂದ 18.1ಕ್ಕೆ ಹೋಯಿತು. ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಲೆಕ್ಕ. ಮೂರು ವರ್ಷ ಕಳೆದ ಮೇಲೂ ಬದುಕಿದ್ದವರು ಕೀಮೋದಲ್ಲಿ ನೂರಕ್ಕೆ 15, ಈ ಜೋಡಿಯಲ್ಲಿ ನೂರಕ್ಕೆ 23. ಸಾಲಿನ ಆ ತುದಿ ಇನ್ನೂ ಉದ್ದವಾಗುತ್ತಿದೆ ಅಂತಾಯಿತು.

ತಡೆ ತೆಗೆದ ರಕ್ಷಣಾ ಕಣಗಳು ಮನೆಯವರನ್ನೂ ಬಿಡುವುದಿಲ್ಲ. ಕರುಳು, ಚರ್ಮ, ಲಿವರ್, ಶ್ವಾಸಕೋಶ, ಯಾವುದರ ಮೇಲಾದರೂ ಹೋಗಬಹುದು. ನನಗೆ ಥೈರಾಯ್ಡ್ ಹೋಯಿತು. ಸುಸ್ತು, ಚಳಿ, ಮುಖ ಊದಿದ ಹಾಗೆ. ಕಾಯಿಲೆಯೇ ಜಾಸ್ತಿ ಆಯ್ತು ಅಂತ ಮನೆಯವರು ಹೆದರಿದರು. ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಸುಸ್ತು ಹೋಯಿತು. ನನ್ನ ಜೊತೆ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ ಒಬ್ಬರಿಗೆ ಭೇದಿ ಶುರುವಾಗಿತ್ತು. ಭೇದಿ ಅಂದರೆ ಮನೆಯಲ್ಲೇ ಏನಾದರೂ ನುಂಗಿ ನಿಲ್ಲಿಸುತ್ತೇವೆ. ಈ ಔಷಧಿಯಲ್ಲಿ ಹಾಗೆ ಮಾಡುವಂತಿಲ್ಲ, ಅದು ಕರುಳಿನ ಉರಿಯೂತ ಇರಬಹುದು, ತಕ್ಷಣ ಸ್ಟೆರಾಯ್ಡ್ ಬೇಕಾಗಬಹುದು. ಅವರು ಫೋನ್ ಮಾಡಿ ಬಂದರು, ಸರಿಹೋಯಿತು. ಇಮ್ಯುನೋಥೆರಪಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುವ ಕಾರ್ಡ್ ಕೊಡುತ್ತಾರೆ. ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ, ಹಲ್ಲಿನ ಡಾಕ್ಟರಿಗೂ ತೋರಿಸುತ್ತೇನೆ.

ಮಧ್ಯೆ ಒಂದು ಕೆಲಸ ಮಾಡಿದೆ. ಬಾಯ್ಲರ್ ಹೌಸಿನ ದಿನಗಳನ್ನು ಬರೆದಿಟ್ಟೆ. ಯಾವ ವರ್ಷ, ಯಾವ ಸೆಕ್ಷನ್, ಯಾವ ಸಾಮಾನು, ಪಕ್ಕದಲ್ಲಿ ಯಾರಿದ್ದರು. ಪರಿಹಾರ ಕೊಡುವ ಕಾನೂನು ಬಹಳ ದೇಶಗಳಲ್ಲಿದೆ, ಎಲ್ಲಿ ಕೇಳಿದರೂ ಮೊದಲು ಇದನ್ನೇ ಕೇಳುತ್ತಾರೆ. ನೆನಪು ಚೆನ್ನಾಗಿರುವಾಗಲೇ ಬರೆಯಬೇಕು. ಬರೆಯುತ್ತಾ ಹೋದಾಗ ಒಬ್ಬ ಹಳೆಯ ಗೆಳೆಯ ನೆನಪಾದ. ಹುಡುಕಿ ಫೋನ್ ಮಾಡಿದೆ. ಆರಾಮಾಗಿದ್ದಾನೆ. ವಿಷಯ ಹೇಳಿದೆ. "ಏನಾಗಿದೆ ಅಂತ ಈಗ ಎಕ್ಸ್‌ರೇ ತೆಗೆಸಲಿ ಮಾರಾಯಾ" ಅಂದ. ನಾನು ಒತ್ತಾಯ ಮಾಡಲಿಲ್ಲ. ಡಾಕ್ಟರ್ ಹತ್ತಿರ ಹೋದಾಗ ಈ ಕೆಲಸದ ವಿಷಯ ಹೇಳು, ದಮ್ಮು ಬಂದರೆ ಕಾಯಬೇಡ ಅಂದೆ. ಸಿಗರೇಟ್ ಬಿಡು ಅಂತಲೂ ಅಂದೆ. ಸಿಗರೇಟಿನಿಂದ ಮೀಸೋಥೆಲಿಯೋಮಾ ಬರುವುದಿಲ್ಲ, ಆದರೆ ಈ ಧೂಳು ಕುಡಿದವನು ಸಿಗರೇಟೂ ಸೇದಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಹೆಚ್ಚಾಗುತ್ತದೆ. ಅದಕ್ಕೆ ಅವನು ನಕ್ಕು ಮಾತು ಬದಲಾಯಿಸಿದ.

ಮುಂದೆ ಕೈಮೀರಿದರೆ ಏನು ಬೇಕು, ಏನು ಬೇಡ ಅಂತಲೂ ಬರೆದಾಗಿದೆ. ವೆಂಟಿಲೇಟರ್ ಬೇಡ, ಮನೆಯಲ್ಲೇ ಇರಬೇಕು, ದಮ್ಮು ಕಟ್ಟಿ ಒದ್ದಾಡದ ಹಾಗೆ ಔಷಧಿ ಕೊಡಬೇಕು. ಮಗ ಮೊದಲು ಓದಲು ಒಪ್ಪಲಿಲ್ಲ. ಒಂದು ಸಂಜೆ ತಾನೇ ಬಂದು ಕೇಳಿ ಓದಿದ, ಎರಡು ಕಡೆ ತಿದ್ದಿದ. ಅವನು ತಿದ್ದಿದ್ದೇ ಚೆನ್ನಾಗಿದೆ.

ಕಳೆದ ಸಲ ಡಾಕ್ಟರ್ ಒಂದು ಹೊಸ ಔಷಧಿಯ ಟ್ರಯಲ್ ಬಗ್ಗೆ ಹೇಳಿದರು. ಫಾರಂ ತುಂಬುವಾಗ ಅದೇ ಪ್ರಶ್ನೆ ಕೇಳಿದರು, ಹಗಲಲ್ಲಿ ಎಷ್ಟು ಹೊತ್ತು ಹಾಸಿಗೆ. ಮಧ್ಯಾಹ್ನ ಊಟ ಆದ ಮೇಲೆ ಒಂದು ನಿದ್ದೆ, ಅಷ್ಟೇ ಅಂದೆ. 1 ಅಂತ ಬರೆದುಕೊಂಡರು. ಸೇರಬೇಕಾ ಬೇಡವಾ ಇನ್ನೂ ನಿರ್ಧಾರ ಮಾಡಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಹೆಂಡತಿ ಅವಳ ನೀರಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದಾಳೆ: ಟ್ಯೂಬ್ ಇದ್ದರೆ ಪರವಾಗಿಲ್ವಾ, ಎಷ್ಟು ಸಲ ಬರಬೇಕು, ಥೈರಾಯ್ಡ್ ಮಾತ್ರೆ ಜೊತೆ ಆಗುತ್ತಾ, ಮಧ್ಯದಲ್ಲಿ ಬೇಡ ಅನಿಸಿದರೆ ಬಿಡಬಹುದಾ.